ಹದ್ದು, ಗೂಬೆಗಳ ಹೊಟ್ಟೆಹುಳು ಗುರುತಿಸಲು ಯಾವ ದಾರಿ ಹಿಡಿಯಬೇಕು?

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಹದ್ದು, ಗೂಬೆಗಳ ಸ್ಯಾಂಪಲ್ ಬರುವುದು ಸಾಮಾನ್ಯವಾಗಿ ಮೂರು ಅವತಾರಗಳಲ್ಲಿ. ಒಂದು, ಹಳೇ ಪೇಪರಿನ ಮೇಲೆ ಒಣಗಿ ಸುಣ್ಣದ ಹಳಕಿನಂತಾದ ಹಿಕ್ಕೆ. ಎರಡು, ಉಪ್ಪಿನಕಾಯಿ ಬಾಟಲಿಯೊಳಗೆ ಫಾರ್ಮಲಿನ್‌ನಲ್ಲಿ ಮುದುಡಿ ಕೂತ ಹುಳು. ಅದನ್ನು ಹಕ್ಕಿಯ ಯಾವ ಭಾಗದಿಂದ ತೆಗೆದರೋ ಬರೆದಿರುವುದಿಲ್ಲ. ಮೂರು, ವಾಟ್ಸಾಪಿನಲ್ಲಿ ಒಂದು ಮಸುಕು ಫೋಟೋ, ಕೆಳಗೆ 'ಮೇಡಂ, ಇದು ಯಾವ ಹುಳಾರಿ?' ಎಂಬ ಪ್ರಶ್ನೆ. ಮೂರಕ್ಕೂ ಉತ್ತರ ಹುಡುಕಿದ್ದೇನೆ, ಮೂರರಲ್ಲೂ ಹಲವು ಸಲ ಸೋತಿದ್ದೇನೆ. ಸೋತದ್ದು ಹುಳು ಅಪರೂಪದ್ದೆಂದಲ್ಲ. ಕೇಳುವ ಪ್ರಶ್ನೆ ಒಂದು, ಅದಕ್ಕೆ ಆರಿಸಿಕೊಂಡ ವಿಧಾನ ಇನ್ನೊಂದು ಆಗಿರುತ್ತಿತ್ತು.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಗಾಯಗೊಂಡ ಹಕ್ಕಿಗಳನ್ನು ಸಾಕಿ ಬಿಡುವ ಹುಡುಗರು, ತಾಲೂಕು ಪಶು ಆಸ್ಪತ್ರೆಯ ಡಾಕ್ಟರುಗಳು, ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಿಕ್ಕೆಯನ್ನು ಉಪ್ಪುನೀರಿನಲ್ಲಿ ತೇಲಿಸುವುದೋ, ನೀರಿನಲ್ಲಿ ಕೂರಿಸುವುದೋ, ಸತ್ತ ಹಕ್ಕಿಯಿಂದ ಹುಳು ತೆಗೆದು ಬಣ್ಣ ಹಾಕಿ ನೋಡುವುದೋ, ಡಿಎನ್‌ಎಗೆ ಕಳಿಸುವುದೋ?

ಯಾವ ಹುಳು ಎಂದು ತಿಳಿಯದೆ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದು ಮೊದಲು ತಿಳಿದಿರಲಿ. ದುಂಡುಹುಳುಗಳ ಮೇಲೆ ಕೆಲಸ ಮಾಡುವ ಐವರ್ಮೆಕ್ಟಿನ್ ಲಾಡಿಹುಳುವಿಗೂ ಚಪ್ಪಟೆಹುಳುವಿಗೂ ಏನೂ ಮಾಡುವುದಿಲ್ಲ. ಇವೆರಡಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ದುಂಡುಹುಳುವಿಗೆ ತಾಗುವುದಿಲ್ಲ. ಆಡು ಕುರಿಗಳಿಗೆ ಕಣ್ಣು ಮುಚ್ಚಿ ಕೊಡುವ ಫೆನ್‌ಬೆಂಡಾಜೋಲ್ ಕೆಲವು ಜಾತಿಯ ಹಕ್ಕಿಗಳಲ್ಲಿ, ರಣಹದ್ದುಗಳಲ್ಲೂ ಪಾರಿವಾಳಗಳಲ್ಲೂ, ಎಲುಬಿನ ಮಜ್ಜೆಗೆ ಪೆಟ್ಟು ಕೊಟ್ಟದ್ದು ದಾಖಲಾಗಿದೆ. ಹಾಗಾಗಿ 'ಯಾವುದಕ್ಕೂ ಇರಲಿ, ಒಂದು ಡೋಸ್ ಹಾಕಿಬಿಡೋಣ' ಎನ್ನುವ ನಮ್ಮ ದನದ ಕೊಟ್ಟಿಗೆಯ ಅಭ್ಯಾಸ ಇಲ್ಲಿ ಬೇಡ. ಪ್ರಮಾಣದ ಮಾತು ಡಾಕ್ಟರಿಗೆ ಬಿಟ್ಟದ್ದು, ನಾನು ಬರೆಯುವುದಿಲ್ಲ.

ಇನ್ನೊಂದು ಮಾತು. ಬೆಳಗಾವಿಯಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಬಿದ್ದ ಹದ್ದಿನ ಹಿಕ್ಕೆಯಲ್ಲಿ ನಾಲ್ಕು ತತ್ತಿ ಕಂಡವೆಂದು ಹುಳುವಿನ ಮೇಲೆ ಅಪರಾಧ ಹೊರಿಸಬೇಡಿ. ಕಾಡುಹಕ್ಕಿಯ ಹೊಟ್ಟೆಯಲ್ಲಿ ಹುಳು ಇರುವುದು ಸಹಜ, ಇಲ್ಲದಿದ್ದರೇ ಆಶ್ಚರ್ಯ. ಹಕ್ಕಿ ಸೊರಗಿದಾಗ, ಉಪವಾಸ ಬಿದ್ದಾಗ, ಪಂಜರದಲ್ಲಿ ಹೆದರಿ ಕೂತಾಗ ಅವು ಕೈ ಮೀರುತ್ತವೆ.

ತೇಲಿಸುವುದಾ, ಕೂರಿಸುವುದಾ?

ಹಕ್ಕಿ ಜೀವಂತ ಇದ್ದರೆ ನಮ್ಮ ಕೈಯಲ್ಲಿರುವುದು ಹಿಕ್ಕೆ ಮಾತ್ರ. ಅದರಲ್ಲಿ ಬಿಳಿ ಭಾಗ ಮೂತ್ರದ ಲವಣ, ಕಪ್ಪು ಅಥವಾ ಕಂದು ಭಾಗ ಮಲ. ತತ್ತಿ ಇರುವುದು ಕಪ್ಪು ಭಾಗದಲ್ಲಿ. ಬಿಳಿ ಭಾಗ ಸ್ಲೈಡಿಗೆ ಬಂದರೆ ಮಂಜು ಮುಸುಕಿದಂತಾಗಿ ಏನೂ ಕಾಣದು. ಹಾಗಾಗಿ ಪೆಟ್ಟಿಗೆಯ ತಳಕ್ಕೆ ಪೇಪರ್ ಬೇಡ, ಪ್ಲಾಸ್ಟಿಕ್ ಹಾಳೆ ಹಾಸಿ. ಪೇಪರ್ ನೀರನ್ನು ಹೀರಿ ತತ್ತಿಯನ್ನು ಒಣಗಿಸುತ್ತದೆ. ಬೆಳಿಗ್ಗೆಯ ತಾಜಾ ಹಿಕ್ಕೆಯ ಕಪ್ಪು ಭಾಗವನ್ನು ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಡಿ. ಫ್ರೀಜರ್ ಬೇಡ, ತತ್ತಿ ಒಡೆಯುತ್ತದೆ. ಹುಳು ದಿನವೂ ಒಂದೇ ಸಮನೆ ತತ್ತಿ ಇಡುವುದಿಲ್ಲ. ಒಂದು ದಿನದ ಹಿಕ್ಕೆ ನೋಡಿ 'ಹುಳು ಇಲ್ಲ' ಎನ್ನಬಾರದು, ಮೂರು ದಿನದ್ದನ್ನು ಕೂಡಿಸಿ ನೋಡಬೇಕು.

ಒಂದು ಹನಿ ಸಲೈನಿನಲ್ಲಿ ಕಲಸಿ ಕವರ್‌ಸ್ಲಿಪ್ ಹಾಕಿ ನೇರ ನೋಡುವುದು ಎರಡು ನಿಮಿಷದ ಕೆಲಸ. ಹುಳು ವಿಪರೀತ ಇದ್ದರೆ ಮಾತ್ರ ಕಾಣುತ್ತದೆ. ಮಾಡಿ, ಆದರೆ ಅದನ್ನೇ ನೆಚ್ಚಬೇಡಿ.

ನಿಜವಾದ ಆಯ್ಕೆ ಇರುವುದು ತೇಲಿಸುವ ಮತ್ತು ಕೂರಿಸುವ ವಿಧಾನಗಳ ನಡುವೆ. ತೇಲಿಸುವುದನ್ನು ಮೊದಲ ಸಲ ಮಾಡಿ ತೋರಿಸಿದಾಗ ನಮ್ಮ ಲ್ಯಾಬಿನ ಅಟೆಂಡರ್ ಕಾಕಾ ಪಕ್ಕದಲ್ಲಿ ನಿಂತು, "ಬಿತ್ತೂ ಬೀಜಾ ಉಪ್ಪಿನ ನೀರಾಗ ಹಾಕಿ ಜೊಳ್ಳ ತಗದಂಗ ಆತಲ್ರಿ ಮೇಡಂ" ಎಂದರು. ಅಷ್ಟೇ ವಿಷಯ. ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ ಉಪ್ಪು ಕರಗಿಸಿದರೆ ಸಾಂದ್ರತೆ 1.20ಕ್ಕೆ ಬರುತ್ತದೆ. ಅದಕ್ಕಿಂತ ಹಗುರವಾದ ತತ್ತಿಗಳು ಮೇಲೆ ಬಂದು, ಟ್ಯೂಬಿನ ಬಾಯಿಗೆ ಮುಚ್ಚಿದ ಕವರ್‌ಸ್ಲಿಪ್ಪಿಗೆ ಅಂಟುತ್ತವೆ. ಹದಿನೈದು ಇಪ್ಪತ್ತು ನಿಮಿಷ ಕಾದು, ಕವರ್‌ಸ್ಲಿಪ್ ಎತ್ತಿ ಸ್ಲೈಡಿನ ಮೇಲಿಟ್ಟು ನೋಡಿದರೆ ಕ್ಯಾಪಿಲೇರಿಯಾದಂಥ ದುಂಡುಹುಳುಗಳ ತತ್ತಿ ಚೊಕ್ಕವಾಗಿ ಕಾಣುತ್ತದೆ. ಕಸ ಕಡಿಮೆ, ಕಣ್ಣಿಗೆ ಹಿತ. ಖರ್ಚು ಅಂಗಡಿಯ ಉಪ್ಪಿನ ಪ್ಯಾಕೆಟ್ಟಿನದು. ಅದಕ್ಕೇ ಎಲ್ಲ ಪಶು ಆಸ್ಪತ್ರೆಗಳಲ್ಲೂ ಇದೇ ನಡೆಯುವುದು.

ಆದರೆ ಬೇಟೆಹಕ್ಕಿಗೆ ಇದೊಂದೇ ಸಾಲದು ಎಂಬುದು ನನ್ನ ಅನುಭವದ ಮಾತು. ಕುರಿಯ ಹೊಟ್ಟೆಗೆ ಹುಲ್ಲಿನೊಂದಿಗೆ ಹುಳು ಬರುತ್ತದೆ. ಹದ್ದಿನ ಹೊಟ್ಟೆಗೆ ಅದು ಕಪ್ಪೆ, ಹಾವು, ಓತಿಕ್ಯಾತ, ಜೀರುಂಡೆ, ಮಿಡತೆಗಳ ಮೂಲಕ ಬರುತ್ತದೆ. ಹಾಗೆ ಬರುವ ಹುಳುಗಳಲ್ಲಿ ಭಾರವಾದ ತತ್ತಿಯವೇ ಹೆಚ್ಚು. ಸ್ಟ್ರಿಜಿಯಾ, ನಿಯೋಡಿಪ್ಲೋಸ್ಟೋಮಮ್ ಬಳಗದ ಚಪ್ಪಟೆಹುಳುಗಳ ತತ್ತಿ ಸುಮಾರು 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದ, ಹಳದಿ ಬಣ್ಣ, ಒಂದು ತುದಿಗೆ ಮುಚ್ಚಳ. ಉಪ್ಪುನೀರಿನಲ್ಲಿ ಅವು ಮೇಲೆ ಬರುವುದೇ ಇಲ್ಲ. ಮುಳ್ಳುತಲೆಯ ಹುಳುಗಳ ತತ್ತಿಯೂ, ಒಳಗೆ ಮರಿ ಸುರುಳಿ ಸುತ್ತಿರುವ ಸ್ಪೈರುರಿಡ್ ಎಂಬ ದುಂಡುಹುಳು ಗುಂಪಿನ ದಪ್ಪ ಚಿಪ್ಪಿನ ತತ್ತಿಯೂ ಉಪ್ಪಿನಲ್ಲಿ ಸರಿಯಾಗಿ ತೇಲುವುದಿಲ್ಲ. ಉಪ್ಪು ಮಾತ್ರ ಬಳಸಿ ನಾವು 'ನೆಗೆಟಿವ್' ಎಂದು ಬರೆದುಕೊಟ್ಟ ಎಷ್ಟು ಹಕ್ಕಿಗಳಲ್ಲಿ ಇವು ಇದ್ದವೋ!

ಸಕ್ಕರೆ ಪಾಕ ಬಳಸಬಹುದು. ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿ ಅದಕ್ಕೇನು ಬರ? 355 ಮಿಲಿ ಬಿಸಿನೀರಿಗೆ 454 ಗ್ರಾಂ ಸಕ್ಕರೆ ಕರಗಿಸಿದರೆ ಸಾಂದ್ರತೆ 1.27ರ ಹತ್ತಿರ ಬರುತ್ತದೆ, ಸ್ಪೈರುರಿಡ್ ತತ್ತಿಗಳಿಗೆ ಉಪ್ಪಿಗಿಂತ ವಾಸಿ. ತೊಂದರೆ ಏನೆಂದರೆ ಅಂಟು. ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರ ಇಲ್ಲದಿದ್ದರೆ ತತ್ತಿ ಮೇಲೆ ಬರಲು ತಡವಾಗುತ್ತದೆ, ನಾಲ್ಕು ಹನಿ ಫಾರ್ಮಲಿನ್ ಹಾಕದಿದ್ದರೆ ಪಾಕಕ್ಕೆ ಬೂಜು ಹಿಡಿಯುತ್ತದೆ, ಮೈಕ್ರೋಸ್ಕೋಪಿನ ವೇದಿಕೆಗೆ ಇರುವೆ ಹತ್ತುತ್ತವೆ. ಸತುವಿನ ಸಲ್ಫೇಟ್ ದ್ರಾವಣ ಚೊಕ್ಕ, ತತ್ತಿಯ ಆಕಾರ ಕೆಡಿಸುವುದೂ ಕಡಿಮೆ. ಮುಂಚೆಯೇ ತರಿಸಿಟ್ಟುಕೊಂಡಿರಬೇಕು ಅಷ್ಟೇ.

ಕೂರಿಸುವ ವಿಧಾನಕ್ಕೆ ಏನೂ ಬೇಡ. ಹಿಕ್ಕೆಯನ್ನು ನೀರಿನಲ್ಲಿ ಕದಡಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಕೆಳಗೆ ಚೂಪಾದ ಗಾಜಿನ ಪಾತ್ರೆಗೆ ಸುರಿದು ಐದು ಹತ್ತು ನಿಮಿಷ ಬಿಡಿ. ಮೇಲಿನ ನೀರು ಬಸಿದು ಮತ್ತೆ ನೀರು ಹಾಕಿ. ನೀರು ತಿಳಿಯಾಗುವವರೆಗೂ ಹೀಗೇ. ತಳದಲ್ಲಿ ಉಳಿದದ್ದಕ್ಕೆ ಒಂದು ಹನಿ ಮಿಥಿಲೀನ್ ಬ್ಲೂ ಹಾಕಿದರೆ ಕಸವೆಲ್ಲ ನೀಲಿಯಾಗಿ ಚಪ್ಪಟೆಹುಳುವಿನ ತತ್ತಿ ಹಳದಿಯಾಗಿಯೇ ಉಳಿಯುತ್ತದೆ, ನೀಲಿ ಇಳಕಲ್ ಸೀರೆಯ ಮೇಲಿನ ಹಳದಿ ಚುಕ್ಕಿಯ ಹಾಗೆ. ಕಸ ಹೆಚ್ಚು, ಕಣ್ಣು ಸೋಲುತ್ತದೆ, ಒಂದು ಹಕ್ಕಿಗೆ ಅರ್ಧ ತಾಸು ಬೇಕು. ಆದರೆ ಭಾರದ ತತ್ತಿ, ಹಗುರ ತತ್ತಿ ಎರಡೂ ತಳದಲ್ಲೇ ಇರುವುದರಿಂದ ಯಾವುದೂ ಪೂರ್ತಿ ತಪ್ಪಿಹೋಗುವುದಿಲ್ಲ. ಕೈಯಲ್ಲಿರುವ ಹಿಕ್ಕೆ ಒಂದೇ ಸಲಕ್ಕೆ ಸಾಕಾಗುವಷ್ಟಿದ್ದರೆ ನಾನು ಕೂರಿಸುವುದನ್ನೇ ಆರಿಸುತ್ತೇನೆ. ಪಶುವೈದ್ಯ ಗೆಳೆಯರು ಇದಕ್ಕೆ ನಗುತ್ತಾರೆ. ನಗಲಿ.

ತತ್ತಿ ಎಣಿಸುವ ಮ್ಯಾಕ್‌ಮಾಸ್ಟರ್ ಸ್ಲೈಡಿನ ಬಗ್ಗೆ ಕೇಳುವವರಿದ್ದಾರೆ. ಅದಕ್ಕೆ ಸಾಮಾನ್ಯವಾಗಿ 3 ಗ್ರಾಂ ಮಲ ಬೇಕು. ಬಿಜ್ಜು ಅಂದರೆ ಶಿಕ್ರಾದಂಥ ಹಕ್ಕಿ ಒಂದು ಸಲಕ್ಕೆ ಅಷ್ಟು ಕೊಡುವುದಿಲ್ಲ. ಎರಡು ಖಾನೆಗಳಲ್ಲಿ ಒಂದೇ ತತ್ತಿ ಕಂಡರೂ ಲೆಕ್ಕ ಗ್ರಾಮಿಗೆ 50 ಎಂದಾಗುತ್ತದೆ, ಕಾಣದಿದ್ದರೆ ಸೊನ್ನೆ. ಕುರಿ ಹಿಂಡಿಗೆ ಸರಿ, ಒಂಟಿ ಗೂಬೆಗೆ ಅಲ್ಲ.

ಈ ತತ್ತಿ ಯಾರದು?

ಇಲ್ಲಿ ನನ್ನ ಒಂದು ತಪ್ಪು ಹೇಳಲೇಬೇಕು. ಮುಧೋಳದ ಕಡೆ ಕಬ್ಬು ಕಡಿಯುವಾಗ ಸಿಕ್ಕ ಕಣಜ ಗೂಬೆಯೊಂದನ್ನು ಹುಡುಗರು ತಂದಿದ್ದರು. ಹಿಕ್ಕೆಯಲ್ಲಿ ನಿಂಬೆಹಣ್ಣಿನಾಕಾರದ, ಎರಡೂ ತುದಿಗೆ ಬಿರಡೆ ಇರುವ ತತ್ತಿಗಳು. ಪಕ್ಕದಲ್ಲೇ ದುಂಡಗಿನ, ಒಳಗೆ ಆರು ಕೊಕ್ಕೆ ಕಾಣುವ ಹಳದಿ ತತ್ತಿಗಳು. 'ಕ್ಯಾಪಿಲೇರಿಯಾ ಮತ್ತು ಲಾಡಿಹುಳು, ಎರಡೂ ಜೋರಾಗಿವೆ' ಎಂದು ಬರೆದುಕೊಟ್ಟೆ. ಡಾಕ್ಟರು ಔಷಧಿ ಹಾಕಿದರು. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಅದೇ ಸ್ಲೈಡ್ ನೋಡಿ ಮೆಲ್ಲಗೆ, "ಮೇಡಂ, ಇವು ಗೂಬೀವೋ, ಗೂಬಿ ತಿಂದ ಇಲೀವೋ?" ಎಂದು ಕೇಳಿದಳು. ನನ್ನ ಬಾಯಿ ಕಟ್ಟಿತು.

ಇಲಿಯ ಪಿತ್ತಜನಕಾಂಗದಲ್ಲಿ ಕ್ಯಾಪಿಲೇರಿಯಾ ಹೆಪ್ಯಾಟಿಕಾ ಎಂಬ ಹುಳು ಇರುತ್ತದೆ. ಅದು ತತ್ತಿಗಳನ್ನು ಅಲ್ಲೇ ಹುಗಿದಿಡುತ್ತದೆ. ಇಲಿಯನ್ನು ಯಾರಾದರೂ ತಿಂದು ಹೊರಹಾಕಿದ ಮೇಲೆಯೇ ಆ ತತ್ತಿಗಳಿಗೆ ಮಣ್ಣು ಸೇರುವ ದಾರಿ. ಅಂದರೆ ಗೂಬೆ ಅದಕ್ಕೆ ಬರೀ ಟಾಂಗಾ ಗಾಡಿ. ದುಂಡಗಿನ ಹಳದಿ ತತ್ತಿ ಹೈಮೆನೋಲೆಪಿಸ್ ಡಿಮಿನ್ಯೂಟಾ, ಅದೂ ಇಲಿಯ ಲಾಡಿಹುಳು. ಒಂದು ಬದಿ ಚಪ್ಪಟೆಯಾದ, ಉದ್ದನೆಯ ತತ್ತಿ ಕಂಡರೆ ಅದು ಸೈಫೇಶಿಯಾ, ಇಲಿಯ ಸೂಜಿಹುಳು. ಚಿಕನ್ ಅಂಗಡಿಯ ಕರುಳು ತಿನ್ನುವ ಕಪ್ಪು ಹದ್ದಿನಲ್ಲಿ ಕೋಳಿಯ ಹುಳುಗಳ ತತ್ತಿ ಬರುವುದೂ ಇದೇ ರೀತಿ.

ಬೇಟೆಹಕ್ಕಿಗೂ ಉಳಿದ ಹಕ್ಕಿಗಳಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಅದರ ಹಿಕ್ಕೆಯಲ್ಲಿ ಎರಡು ಪ್ರಾಣಿಗಳ ಕಥೆ ಬೆರೆತಿರುತ್ತದೆ. ಬಿಡಿಸಲು ಒಂದು ಸುಲಭ ಉಪಾಯವಿದೆ. ಹಕ್ಕಿ ನಿಮ್ಮ ಆರೈಕೆಯಲ್ಲಿದ್ದರೆ ಮೂರು ನಾಲ್ಕು ದಿನ ಕರುಳು, ಪಿತ್ತಜನಕಾಂಗ ತೆಗೆದ ಚೊಕ್ಕ ಕೋಳಿ ಮಾಂಸ ಮಾತ್ರ ಕೊಟ್ಟು, ದಿನಾ ಹಿಕ್ಕೆ ನೋಡಿ. ಬೇಟೆಯಿಂದ ಬಂದ ತತ್ತಿಗಳು ಕರಗುತ್ತಾ ಮಾಯವಾಗುತ್ತವೆ. ಹಕ್ಕಿಯ ಸ್ವಂತ ಹುಳುವಿನ ತತ್ತಿಗಳು ಬರುತ್ತಲೇ ಇರುತ್ತವೆ. ಆದರೆ ಇದನ್ನೇ ಮೊದಲಿನಿಂದ ಕೊನೆಯವರೆಗೂ ಉಣಿಸಬೇಡಿ. ಎಲುಬಿಲ್ಲದ ಮಾಂಸದಲ್ಲಿ ಸುಣ್ಣದಂಶವಿರುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಇಡೀ ಬೇಟೆಗೆ ಮರಳಬೇಕು.

ಗೂಬೆ ಕಾರುವ ಉಂಡೆಯೂ ಸಹಾಯಕ್ಕೆ ಬರುತ್ತದೆ. ಅದರಲ್ಲಿ ಹುಳು ಸಿಗುವುದು ಕಡಿಮೆ, ಸಿಗುವುದು ಎಲುಬು. ಉಂಡೆಯನ್ನು ನೀರಿನಲ್ಲಿ ನೆನೆಹಾಕಿ ಬಿಡಿಸಿದರೆ ಇಲಿಯ ತಲೆಬುರುಡೆಯೋ ಸೊಂಡಿಲಿಯದೋ ಗೊತ್ತಾಗುತ್ತದೆ. ಯಾವ ತತ್ತಿ ಬೇಟೆಯದಿರಬಹುದು ಎಂಬ ಅಂದಾಜು ಅಲ್ಲಿಂದ. ಹದ್ದು, ಡೇಗೆಗಳು ಎಲುಬನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತವೆ, ಅವುಗಳ ಉಂಡೆ ಇಷ್ಟು ಮಾತಾಡುವುದಿಲ್ಲ.

ಇನ್ನು ಅಳತೆ. ಕಣ್ಣುಮಸೂರದೊಳಗೆ ಅಳತೆಪಟ್ಟಿ ಇಲ್ಲದ ಮೈಕ್ರೋಸ್ಕೋಪಿನಲ್ಲಿ ತತ್ತಿ ಗುರುತಿಸುವುದು ತಕ್ಕಡಿ ಇಲ್ಲದೆ ಬಂಗಾರ ಮಾರಿದಂತೆ. ಬಿರಡೆ ಎರಡೂ ತುದಿಗಿದ್ದರೆ ಕ್ಯಾಪಿಲೇರಿಯಾ ಎಂದುಕೊಳ್ಳುತ್ತೇವೆ. ಆದರೆ ಶ್ವಾಸನಾಳದ ಹುಳು ಸಿಂಗಾಮಸ್‌ನ ತತ್ತಿಗೂ ಎರಡೂ ತುದಿಗೆ ಮುಚ್ಚಳವಿದೆ. ಕ್ಯಾಪಿಲೇರಿಯಾ 50ರಿಂದ 65 ಮೈಕ್ರಾನ್ ಉದ್ದ, ಸಿಂಗಾಮಸ್ 70ರಿಂದ 100. ಅಳೆದರೆ ಒಂದು ನಿಮಿಷದಲ್ಲಿ ತೀರ್ಮಾನ. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದರಿಂದ ಅಳತೆ ಸಿಗುವುದಿಲ್ಲ. ವಾಟ್ಸಾಪಿನವರೇ, ನಿಮಗೇ ಹೇಳುತ್ತಿರುವುದು.

ಬಾಯಿ, ಉಸಿರು

ಹಕ್ಕಿ ಕೊಕ್ಕು ತೆರೆದು ಉಸಿರಾಡುತ್ತಿದ್ದರೆ, ತಲೆ ಒದರುತ್ತಿದ್ದರೆ ಹಿಕ್ಕೆಗಿಂತ ಮೊದಲು ಬಾಯಿ ನೋಡಿ. ಸಿಂಗಾಮಸ್ ಇದ್ದರೆ ಶ್ವಾಸನಾಳದಲ್ಲಿ ಕೆಂಪು ಹೆಣ್ಣುಹುಳುವಿಗೆ ಸಣ್ಣ ಗಂಡು ಸದಾ ಕಚ್ಚಿಕೊಂಡು, ಎರಡೂ ಸೇರಿ ಕವೆಕೋಲಿನಂತೆ ಕಾಣುತ್ತವೆ. ಬಾಯಿಯೊಳಗೆ ಹಳದಿ ಗಿಣ್ಣಿನಂಥ ಪದರ ಕಂಡರೆ ತಕ್ಷಣ ಹುಳು ಎನ್ನಬೇಡಿ. ಪಾರಿವಾಳ ತಿನ್ನುವ ಹಕ್ಕಿಗಳಲ್ಲಿ ಅದು ಟ್ರೈಕೋಮೊನಾಸ್ ಎಂಬ ಏಕಕೋಶ ಜೀವಿಯ ಕೆಲಸ ಆಗಿರಬಹುದು, ಕ್ಯಾಪಿಲೇರಿಯಾವೂ ಅದೇ ವೇಷ ಹಾಕುತ್ತದೆ. ಹತ್ತಿಯ ಕಡ್ಡಿಯಿಂದ ಒರೆಸಿ, ಬೆಚ್ಚಗಿನ ಸಲೈನಿನಲ್ಲಿ ಕಲಸಿ ಆಗಲೇ ನೋಡಬೇಕು. ಓಡಾಡುವ ಸಣ್ಣ ಜೀವಿಗಳು ಕಂಡರೆ ಮೊದಲಿನದು, ಬಿರಡೆಯ ತತ್ತಿ ಕಂಡರೆ ಎರಡನೆಯದು. ತಣ್ಣಗಾದರೆ ಟ್ರೈಕೋಮೊನಾಸ್ ಓಡಾಟ ನಿಲ್ಲಿಸುತ್ತದೆ. ಬೆಳಗಾವಿಯ ಜನವರಿ ಚಳಿಯಲ್ಲಿ ಸ್ವ್ಯಾಬನ್ನು ಜೇಬಿನಲ್ಲಿ ಬೆಚ್ಚಗೆ ತರಬೇಕು.

ಡೇಗೆ ಜಾತಿಯವುಗಳಲ್ಲಿ ಗಾಳಿಚೀಲದೊಳಗೆ ಬೆಳೆಯುವ ಸೆರಾಟೋಸ್ಪಿಕ್ಯುಲಮ್ ಎಂಬ ದುಂಡುಹುಳು ಬೇರೆಯದೇ ಸಂಗತಿ. ಜೀರುಂಡೆ ತಿಂದು ಬರುವ ಇದರ ಹೆಣ್ಣು ಗೇಣುದ್ದ ಬೆಳೆಯಬಲ್ಲದು. ಗಾಳಿಚೀಲದಲ್ಲಿಟ್ಟ ತತ್ತಿ ಕೆಮ್ಮಿನೊಂದಿಗೆ ಗಂಟಲಿಗೆ ಬಂದು, ನುಂಗಿ, ಹಿಕ್ಕೆಯಲ್ಲಿ ಹೊರಬರುತ್ತದೆ. ದಪ್ಪ ಚಿಪ್ಪು, ಒಳಗೆ ಮರಿ, ಸುಮಾರು 50 ಮೈಕ್ರಾನ್. ಜಠರದ ಸ್ಪೈರುರಿಡ್ ತತ್ತಿಗೂ ಇದಕ್ಕೂ ಸ್ಲೈಡಿನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಹಿಕ್ಕೆ ಪರೀಕ್ಷೆ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಇದೇ ಉದಾಹರಣೆ. 'ಸ್ಪೈರುರಿಡ್ ಗುಂಪು' ಎಂದು ಬರೆದು ಪೆನ್ನು ಕೆಳಗಿಡಬೇಕು. ಜಾತಿಯ ಹೆಸರು ಬೇಕಿದ್ದರೆ ಹುಳುವೇ ಬೇಕು.

ಹುಳು ಕೈಗೆ ಸಿಕ್ಕಾಗ

ಹುಳು ಸಿಗುವುದು ಹಕ್ಕಿ ಸತ್ತಾಗ. ಮೊದಲು ಕಾಯ್ದೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತು ಸಿಕ್ಕ ಕಾಡುಹಕ್ಕಿಯೂ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಇಲಾಖೆಯ ಅನುಮತಿಯಿಂದ ಪಶುವೈದ್ಯರು ಪೋಸ್ಟ್‌ಮಾರ್ಟಂ ಮಾಡುವಾಗ ಪಕ್ಕದಲ್ಲಿ ನಿಂತು ಹುಳು ಸಂಗ್ರಹಿಸುವುದು ನಮ್ಮ ದಾರಿ. ಕಾಗೆ, ಹದ್ದು, ನವಿಲು ಒಂದೇ ಕಡೆ ಗುಂಪಾಗಿ ಸತ್ತಿದ್ದರೆ ಹುಳುವಿನ ಆಸೆ ಬಿಡಿ. ಹಕ್ಕಿಜ್ವರದ ಅನುಮಾನ ಇರುವಲ್ಲಿ ಚಾಕು ಹಾಕುವುದು ನಮ್ಮ ಕೆಲಸ ಅಲ್ಲ. ಒಂಟಿ ಹಕ್ಕಿಗೂ ಕೈಗವಸು, ಮಾಸ್ಕ್ ಇಲ್ಲದೆ ಕೂರಬೇಡಿ.

ಹುಳು ಎಲ್ಲಿ ಸಿಕ್ಕಿತು ಎಂಬುದರಲ್ಲೇ ಅರ್ಧ ಹೆಸರಿದೆ. ಅದಕ್ಕೇ ಅನ್ನನಾಳ, ಜಠರ, ಸಣ್ಣಕರುಳು, ದೊಡ್ಡಕರುಳು, ಗಾಳಿಚೀಲ ಒಂದೊಂದನ್ನೂ ಬೇರೆ ಬೇರೆ ತಟ್ಟೆಯಲ್ಲಿ ಸಲೈನ್ ಹಾಕಿ ಬಿಡಿಸಬೇಕು. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿ ತೊಳೆದವರು ನನಗೆ ಗೊತ್ತು, ಅವರ ಜೊತೆ ನಾನೀಗ ಕೆಲಸ ಮಾಡುವುದಿಲ್ಲ. ಜಠರದ ಗೋಡೆಯ ಗ್ರಂಥಿಗಳಲ್ಲಿ ಬಾಗಲಕೋಟೆಯ ದಾಳಿಂಬೆ ಕಾಳಿನಂಥ ಕೆಂಪು ಚುಕ್ಕಿಗಳು ಕಂಡರೆ ಅವು ಟೆಟ್ರಾಮೀರಿಸ್ ಬಳಗದ ಹೆಣ್ಣುಗಳು. ಕೀಳಲು ಹೋದರೆ ಒಡೆಯುತ್ತವೆ, ಗೋಡೆಯ ತುಂಡು ಸಮೇತ ಕತ್ತರಿಸಿ. ಜಠರದೊಳಗೆ ಬಿಡುಬೀಸಾಗಿರುವ ಸಣ್ಣ ಬಿಳಿ ಹುಳುವಿನ ತಲೆಯಲ್ಲಿ ಹೆಣೆದ ದಾರದಂಥ ಗೆರೆ ಹಿಂದೆ ಹೋಗಿ ತಿರುಗಿ ಬಂದು ಕೂಡಿಕೊಂಡಿದ್ದರೆ ಅದು ಸಿನ್ಹಿಮಾಂಟಸ್.

ಇನ್ನು ಹುಳುವನ್ನು ಕೊಲ್ಲುವ ಬಗೆ. ಗುಂಪಿಗೊಂದು ರೀತಿ ಇದೆ. ಇಲ್ಲಿ ತಪ್ಪಿದರೆ ಮುಂದೆ ಯಾವ ವಿಧಾನವೂ ಕೈ ಹಿಡಿಯುವುದಿಲ್ಲ. ದುಂಡುಹುಳುವನ್ನು ಬಿಸಿಯಾದ 70 ಪ್ರತಿಶತ ಆಲ್ಕೋಹಾಲಿಗೆ ಹಾಕಿದರೆ ನೆಟ್ಟಗಾಗಿ ಸಾಯುತ್ತದೆ, ತಣ್ಣಗಿನದಕ್ಕೆ ಹಾಕಿದರೆ ಜಿಲೇಬಿಯಾಗುತ್ತದೆ. ಆಲ್ಕೋಹಾಲನ್ನು ಉರಿಯ ಮೇಲಿಟ್ಟು ಕಾಯಿಸುವ ಸಾಹಸ ಬೇಡ, ಬಿಸಿನೀರಿನ ಪಾತ್ರೆಯೊಳಗೆ ಬಾಟಲಿ ಇಟ್ಟರೆ ಸಾಕು. ಲಾಡಿಹುಳುವನ್ನು ಎಳೆಯಬೇಡಿ. ಅದರ ಗುರುತೆಲ್ಲ ಸೂಜಿಮೊನೆಯಷ್ಟಿರುವ ತಲೆಯ ಕೊಕ್ಕೆಗಳಲ್ಲಿ, ಎಳೆದರೆ ತಲೆ ಕರುಳಲ್ಲೇ ಉಳಿದು ನಿಮ್ಮ ಕೈಗೆ ಬರೀ ಲಾಡಿ ಬರುತ್ತದೆ. ಕರುಳಿನ ತುಂಡಿನ ಸಮೇತ ತಣ್ಣೀರಿನಲ್ಲಿಟ್ಟರೆ ತಾನೇ ಸಡಿಲಾಗುತ್ತದೆ. ಮುಳ್ಳುತಲೆಯ ಹುಳುವಿಗೂ ತಣ್ಣೀರೇ ಬೇಕು. ರಾತ್ರಿ ಫ್ರಿಜ್ಜಿನಲ್ಲಿ ನೀರಲ್ಲಿಟ್ಟರೆ ಒಳಗೆ ಎಳೆದುಕೊಂಡ ಮುಳ್ಳಿನ ಸೊಂಡಿಲು ಹೊರಗೆ ಚಾಚುತ್ತದೆ. ಗೂಬೆ, ಹದ್ದುಗಳಲ್ಲಿ ಸಿಗುವ ಸೆಂಟ್ರೊರಿಂಕಸ್‌ನ ಜಾತಿ ಹೇಳಲು ಆ ಮುಳ್ಳಿನ ಸಾಲುಗಳನ್ನೇ ಎಣಿಸಬೇಕು.

ಆಮೇಲಿನದು ತಾಳ್ಮೆಯ ಕೆಲಸ. ದುಂಡುಹುಳುವನ್ನು ಲ್ಯಾಕ್ಟೋಫಿನಾಲ್‌ನಲ್ಲಿಟ್ಟರೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಗಂಡಿನ ಬಾಲದಲ್ಲಿರುವ, ಕೂಡುವಾಗ ಬಳಸುವ ಎರಡು ಕಡ್ಡಿಗಳ ಉದ್ದ, ಆಕಾರ ನೋಡಬೇಕು, ಜಾತಿಯ ಹೆಸರು ಬಹುಪಾಲು ಅಲ್ಲೇ ಇರುತ್ತದೆ. ಬರೀ ಹೆಣ್ಣುಗಳು ಸಿಕ್ಕರೆ ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ಚಪ್ಪಟೆಹುಳು, ಲಾಡಿಹುಳುಗಳಿಗೆ ಕಾರ್ಮೈನ್ ಬಣ್ಣ ಹಾಕಿ, ಆಲ್ಕೋಹಾಲಿನ ಮೆಟ್ಟಿಲು ಹತ್ತಿಸಿ ನೀರು ತೆಗೆದು, ಸ್ಲೈಡಿಗೆ ಹಾಕುವ ಅಂಟು ಡಿಪಿಎಕ್ಸ್‌ನಲ್ಲಿ ಕೂರಿಸಿದರೆ ಸ್ಲೈಡ್ ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ಒಂದು ವಾರ ಬೇಕು, ಖರ್ಚು ಕಡಿಮೆ. ನಮ್ಮ ಕಾಲೇಜುಗಳ ಕೈಗೆಟುಕುವ, ಜಾತಿಯವರೆಗೆ ಕರೆದೊಯ್ಯಬಲ್ಲ ವಿಧಾನ ಇದೊಂದೇ. ಹುಡುಗರಿಗೆ ಇದು ಹಳೇ ಕಾಲದ್ದು ಅನಿಸುತ್ತದೆ, ಅದೇ ನನಗೆ ಬೇಸರ.

ಡಿಎನ್‌ಎಯ ಆಸೆ

ಪ್ರಾಜೆಕ್ಟಿನ ಹುಡುಗರೆಲ್ಲ ಮೊದಲು ಕೇಳುವುದು ಇದನ್ನೇ. ಹುಳುವಿನ ಚೂರಿದ್ದರೂ ಸಾಕು, ಮರಿಹುಳುವಾದರೂ ಸರಿ, ಬರೀ ಹೆಣ್ಣಾದರೂ ನಡೆಯುತ್ತದೆ. ಈ ಮೂರು ಲಾಭ ಬೇರೆ ಯಾವ ವಿಧಾನದಲ್ಲೂ ಇಲ್ಲ, ಒಪ್ಪುತ್ತೇನೆ. 18ಎಸ್ ಜೀನ್ ಓದಿದರೆ ಯಾವ ಕುಟುಂಬ, ಯಾವ ಕುಲದ ಆಸುಪಾಸು ಎಂದು ತಿಳಿಯುತ್ತದೆ. ಹತ್ತಿರದ ಜಾತಿಗಳನ್ನು ಬಿಡಿಸಲು ಸಿಒಐ ಜೀನ್ ಬೇಕು. ಆದರೆ ಯಂತ್ರ ಕೊಡುವುದು ಅಕ್ಷರಗಳ ಸಾಲು, ಹೆಸರು ಕೊಡುವುದಿಲ್ಲ. ಹೆಸರು ಬರುವುದು ಮೊದಲೇ ಯಾರೋ ಸರಿಯಾಗಿ ಗುರುತಿಸಿ ದಾಖಲಿಸಿದ ಹುಳುವಿನ ಜೊತೆ ಹೋಲಿಸಿದಾಗ. ಭಾರತದ ಬೇಟೆಹಕ್ಕಿಗಳ ಹುಳುಗಳಿಗೆ ಅಂಥ ದಾಖಲೆ ತೀರಾ ಕಡಿಮೆ. 'ಹತ್ತಿರದ ಹೋಲಿಕೆ' ಎಂದು ಬಂದದ್ದನ್ನೇ ಹುಳುವಿನ ಹೆಸರೆಂದು ವರದಿಗೆ ಬರೆಯುವುದನ್ನು ಕಂಡಾಗ ಹಲ್ಲು ಕಡಿಯುತ್ತೇನೆ.

ಫಾರ್ಮಲಿನ್‌ನಲ್ಲಿಟ್ಟ ಹುಳು ಈ ಕೆಲಸಕ್ಕೆ ಹೆಚ್ಚುಕಡಿಮೆ ಸತ್ತಂತೆ. ನಾನೇ ಒಮ್ಮೆ ಹಾಗೆ ಕಳಿಸಿ, ದುಡ್ಡು ಕಟ್ಟಿ, 'ಬರಲಿಲ್ಲ' ಎಂಬ ಒಂದು ಸಾಲಿನ ಉತ್ತರ ತಂದುಕೊಂಡಿದ್ದೇನೆ. 95 ಪ್ರತಿಶತದ ಮೇಲಿನ ಆಲ್ಕೋಹಾಲ್ ಬೇಕು, ಅದು ಹುಳುವಿನ ಹತ್ತುಪಟ್ಟಿಗಿಂತ ಕಡಿಮೆ ಇರಬಾರದು, ಫ್ರೀಜರಿನಲ್ಲಿಡಬೇಕು. ಆದರೆ ಇಷ್ಟು ಗಟ್ಟಿ ಆಲ್ಕೋಹಾಲಿನಲ್ಲಿ ಹುಳು ಕುಗ್ಗಿ ಗಡುಸಾಗುತ್ತದೆ, ಮೈಕಟ್ಟು ನೋಡಲು ಬರುವುದಿಲ್ಲ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು. ಹತ್ತು ಹುಳು ಸಿಕ್ಕರೆ ಏಳನ್ನು 70 ಪ್ರತಿಶತಕ್ಕೂ ಮೂರನ್ನು ಗಟ್ಟಿ ಆಲ್ಕೋಹಾಲಿಗೂ ಹಂಚಿ. ಒಂದೇ ಸಿಕ್ಕರೆ ನಡುವಿನ ತುಂಡು ಕತ್ತರಿಸಿ ಡಿಎನ್‌ಎಗೆ ಕೊಟ್ಟು, ತಲೆ ಬಾಲ ಎರಡನ್ನೂ ನೋಡಲು ಉಳಿಸಿಕೊಳ್ಳಿ.

ಯಾವ ಹಕ್ಕಿಗೆ ಯಾವುದು?

ಆಲಮಟ್ಟಿ ಹಿನ್ನೀರು, ಘಟಪ್ರಭಾ ಪಕ್ಷಿಧಾಮದ ಕಡೆಯ ಗರುಡ ಬಂದರೆ ಕೂರಿಸುವ ವಿಧಾನ ಬಿಟ್ಟು ಬೇರೆ ಮಾತಿಲ್ಲ. ಮೀನು, ಕಪ್ಪೆ, ಏಡಿ ತಿನ್ನುವ ಹಕ್ಕಿಯಲ್ಲಿ ಬಸವನಹುಳುವಿನ ಮೂಲಕ ಹಾದು ಬರುವ ಚಪ್ಪಟೆಹುಳು ಹುಡುಕದೆ ಇನ್ನೇನು ಹುಡುಕುತ್ತೀರಿ? ಕಬ್ಬಿನ ಗದ್ದೆಯ ಕಣಜ ಗೂಬೆಗೆ ತೇಲಿಸಿ, ಕೂರಿಸಿ, ಆಮೇಲೆ ಮೇಲೆ ಹೇಳಿದ ಮೂರು ನಾಲ್ಕು ದಿನದ ಕೋಳಿ ಮಾಂಸದ ಪರೀಕ್ಷೆ ಮಾಡದೆ ಬಾಯಿ ಬಿಡಬೇಡಿ.

ನಮ್ಮೂರ ಹಾಲಕ್ಕಿ, ಅದೇ ಊರ ಮರದ ಪೊಟರೆಯ ಚುಕ್ಕಿ ಗೂಬೆ, ಮಿಡತೆ ಜೀರುಂಡೆ ತಿನ್ನುವುದರಿಂದ ಸ್ಪೈರುರಿಡ್ ಮತ್ತು ಮುಳ್ಳುತಲೆಯವು ಮುಖ್ಯ, ಉಪ್ಪು ಬಿಟ್ಟು ಸಕ್ಕರೆ ಪಾಕವನ್ನು ಹಿಡಿಯಿರಿ. ಅದು ಕೂಗಿದರೆ ಶಕುನ ಎನ್ನುವ ಅಜ್ಜಿಯರು ಇನ್ನೂ ಇದ್ದಾರೆ, ಹಿಕ್ಕೆ ಕೇಳಲು ಹೋದರೆ ಮನೆಯವರು ಪೊಟರೆ ತೋರಿಸಲು ಹಿಂಜರಿಯುತ್ತಾರೆ. "ಯವ್ವಾ, ಅದರ ಗೊಡವಿ ನಿನಗ್ಯಾಕ?" ಎಂದು ಬೈಸಿಕೊಂಡಿದ್ದೇನೆ.

ಚಳಿಗಾಲದಲ್ಲಿ ವಿಜಯಪುರದ ಕಡೆಯ ಬಯಲಿಗೆ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳದು ಬೇರೆ ಲೆಕ್ಕ. ಅವುಗಳ ಹುಳು ಇಲ್ಲಿ ಅಂಟಿದ್ದೋ ಅಲ್ಲಿಂದ ತಂದದ್ದೋ ಎಂಬುದು ತತ್ತಿ ನೋಡಿ ಹೇಳುವ ಮಾತಲ್ಲ. ಅವು ನೆಲದ ಮೇಲೆ ಹುಲ್ಲಿನಲ್ಲಿ ಗುಂಪಾಗಿ ಮಲಗುವ ಜಾಗದಲ್ಲಿ ಬೆಳಿಗ್ಗೆ ಹಕ್ಕಿ ಎದ್ದ ಮೇಲೆ ಹಿಕ್ಕೆ ಸಿಗುತ್ತದೆ, ಯಾವ ಹಕ್ಕಿಯದೆಂದು ಮಾತ್ರ ತಿಳಿಯದು. ಡಿಎನ್‌ಎಗೆ ದುಡ್ಡು ಹಾಕುವುದಾದರೆ ಇಂಥ ಕಡೆ ಹಾಕಿ, ಊರ ಕಪ್ಪು ಹದ್ದಿಗಲ್ಲ.

ಯಾವ ದಾರಿ ಹಿಡಿದರೂ ಬಾಟಲಿಯೊಳಗೆ ಒಂದು ಚೀಟಿ ಇರಲಿ. ಹೊರಗೆ ಅಂಟಿಸಿದ್ದು ಉದುರುತ್ತದೆ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ನೀರು ನೀಲಿಯಾಗುತ್ತದೆ. ಸೀಸದ ಕಡ್ಡಿಯಲ್ಲಿ ಬರೆದು ಒಳಗೇ ಹಾಕಿ. ನಮ್ಮ ಲ್ಯಾಬಿನ ಚೀಟಿ ಹೀಗಿರುತ್ತದೆ: ಕಣಜ ಗೂಬೆ, ದೊಡ್ಡದು, ಮುಧೋಳ ಹತ್ತಿರ, ಕಬ್ಬಿನ ಗದ್ದೆ, ಸಿಕ್ಕ ದಿನ, ಸತ್ತ ದಿನ, ಸಣ್ಣಕರುಳಿನ ನಡುಭಾಗ, ಹುಳು 6, ತಣ್ಣೀರಲ್ಲಿ ಒಂದು ರಾತ್ರಿ, ಆಮೇಲೆ 70 ಪ್ರತಿಶತ ಆಲ್ಕೋಹಾಲ್, ತೆಗೆದವರ ಹೆಸರು.